ಲ್ಯಾಪ್‌ಟಾಪ್ ಸಿಗೋದು ರಿಸಲ್ಟ್ ಬಂದ ಮೇಲೆ

"ಬುದ್ಧಿ ಇದೆ, ಓದೋಕೆ ಮನಸ್ಸಿಲ್ಲ." ಪಿಯುಸಿ ಮಕ್ಕಳ ತಂದೆತಾಯಿ ಪ್ರತಿ ವರ್ಷ ನನ್ನ ಬಳಿ ತರುವ ದೂರು ಇದು. ಅದಕ್ಕೇ ಗುರುತು ಮರೆಸಿ ಈ ಪ್ರಕರಣ ಬರೆಯುತ್ತಿದ್ದೇನೆ.

ಹುಡುಗನಿಗೆ 16, ಪ್ರಥಮ ಪಿಯುಸಿ ವಿಜ್ಞಾನ. 90 ಪರ್ಸೆಂಟ್ ಬಂದರೆ ಲ್ಯಾಪ್‌ಟಾಪ್ ಎಂದು ಅಪ್ಪ ಜೂನ್‌ನಲ್ಲೇ ಮಾತು ಕೊಟ್ಟಿದ್ದರು. ಬೆಳಗಿನ ಜಾವ 4.30ಕ್ಕೆ ಎಬ್ಬಿಸಿ ಕೂರಿಸುತ್ತಿದ್ದರು. ಅವನು ಪುಸ್ತಕದ ಮುಂದೆ ತೂಕಡಿಸುತ್ತಿದ್ದ.

ಎರಡನೇ ಭೇಟಿಯಲ್ಲಿ ಅಪ್ಪನ ಎದುರೇ ಕೇಳಿದೆ: "ಲ್ಯಾಪ್‌ಟಾಪ್ ಬೇಡ್ವೇನಪ್ಪಾ?"

"ಬೇಕು ಮೇಡಂ. ಅದು ಸಿಗೋದು ರಿಸಲ್ಟ್ ಬಂದ ಮೇಲೆ. ಇವತ್ತು ಓದಿದ್ರೆ ಇವತ್ತು ಸಿಗೋದು 'ಇಷ್ಟೇನಾ?' ಅನ್ನೋ ಮಾತು."

ಅಪ್ಪ ಏನೋ ಹೇಳಹೊರಟು ಸುಮ್ಮನಾದರು.

ಇದನ್ನು ಸೋಮಾರಿತನ ಎನ್ನಲು ನಾನು ಒಪ್ಪುವುದಿಲ್ಲ. ಹರೆಯದಲ್ಲಿ ಮಿದುಳಿನ ಆಳದಲ್ಲಿ, 'ಇದು ಬೇಕು' ಅನ್ನಿಸುವ ಡೋಪಮೈನ್ ಎಂಬ ರಾಸಾಯನಿಕದ ಜಾಲ ಕೈಗೆ ಕೂಡಲೇ ಸಿಗುವ ಖುಷಿಗೆ ಬಹಳ ಚುರುಕಾಗಿ ಮಿಡಿಯುತ್ತದೆ. ದೂರದ ಗುರಿಗಾಗಿ ಈಗಿನ ಆಸೆಯನ್ನು ತಡೆಯುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಒಂಬತ್ತು ತಿಂಗಳಾಚೆಯ ಲ್ಯಾಪ್‌ಟಾಪ್‌ಗಿಂತ ಈ ಸಂಜೆಯ ಒಂದು ಗೆಲುವಿಗೆ ಅಲ್ಲಿ ತೂಕ ಹೆಚ್ಚು.

ಸಲಹೆ ಹೀಗಿತ್ತು. ಸಂಜೆ ಕಾಫಿ ಕುಡಿದು ಲೋಟ ಇಟ್ಟ ಕೂಡಲೇ 20 ನಿಮಿಷ. ವಿಷಯ ಅವನೇ ಆರಿಸಲಿ. ಮೊದಲು ಅವನಿಗೆ ಗೊತ್ತಿರುವ ಲೆಕ್ಕ ಎರಡು, ಆಮೇಲೆ ಹೊಸದು ಒಂದು; ಉತ್ತರ ಆಗಲೇ ತಾಳೆ ನೋಡಬೇಕು, ನಾಳೆಗಲ್ಲ. ರಾತ್ರಿ 10ಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ, ಏಳುವುದು 6.30ಕ್ಕೆ. ಕೊಟ್ಟ ಮಾತು ತಪ್ಪಬೇಡಿ, ಆದರೆ ಲ್ಯಾಪ್‌ಟಾಪ್ ಸುದ್ದಿ ದಿನಾ ಎತ್ತಬೇಡಿ ಎಂದೆ.

ಬ್ರಾಹ್ಮೀ ಮುಹೂರ್ತ ಬಿಡಿಸಿದ್ದಕ್ಕೆ ಅಪ್ಪನಿಗೆ ಬೇಸರ. ಒಂಬತ್ತಕ್ಕೇ ನಿದ್ದೆ ಹತ್ತುವವರಿಗೆ ಅದು ಸರಿ. ಈ ವಯಸ್ಸಿನಲ್ಲಿ ನಿದ್ದೆಗೆ ಸಜ್ಜುಮಾಡುವ ಮೆಲಟೋನಿನ್ ಹಾರ್ಮೋನ್ ರಾತ್ರಿ ತಡವಾಗಿ ಸ್ರವಿಸುತ್ತದೆ, ಆದರೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಓದಿದ್ದು ನೆನಪಿನಲ್ಲಿ ನೆಲೆಯೂರಲೂ ಆ ನಿದ್ದೆ ಬೇಕು. ಐದು ಗಂಟೆ ಮಲಗಿದವನನ್ನು ಎಬ್ಬಿಸಿ ಓದಿಸಿದರೆ ಎರಡೂ ನಷ್ಟ.

ಕೆಟ್ಟಿದ್ದು ನಾಲ್ಕನೇ ದಿನ. ಚೆನ್ನಾಗಿ ನಡೆಯುತ್ತಿದೆ ಎಂದು ಅಪ್ಪ 20 ನಿಮಿಷವನ್ನು ಒಂದು ಗಂಟೆ ಮಾಡಿದರು. ಹುಡುಗ ಕೂರುವುದನ್ನೇ ಬಿಟ್ಟ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ: ಮಾಡಿ ಮುಗಿಸಿದ್ದಕ್ಕೆ ಕೂಲಿಯಾಗಿ ಇನ್ನಷ್ಟು ಕೆಲಸ. ಮತ್ತೆ 20ಕ್ಕೆ ಇಳಿಸಿದೆವು. ಏರಿಸುವ ಮಾತು ಅವನದು ಮಾತ್ರ ಎಂದು ಅಪ್ಪನಿಂದ ಹೇಳಿಸಿದೆ.

ಮೂರನೇ ವಾರ ಅವನೇ 30 ಮಾಡಿಕೊಂಡ. ಅಪ್ಪ ಈಗ ಕೇಳುವುದು ಇಷ್ಟೇ: "ಇವತ್ತು ಯಾವ ಲೆಕ್ಕ ಕೈಕೊಡ್ತು? ತೋರ್ಸು."