ಹಿತ್ತಲಿಗೆ ಹಾಕಿಸಿದ ಪೇವರ್ (ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಕಲ್ಲು) ಒಂದೇ ಮಳೆಗಾಲಕ್ಕೆ ಕುಸಿಯುವುದೇಕೆ? ಸರಿಯಾಗಿ ಹಾಕುವುದು ಹೇಗೆ?

ಕುಸಿಯುವುದು ಪೇವರ್ ಅಲ್ಲ, ಅದರ ಕೆಳಗಿನ ನೆಲ. ಹೆಚ್ಚಿನ ಕಡೆ ಮಣ್ಣಿನ ಮೇಲೆ ನೇರವಾಗಿ ಮರಳು ಸುರಿದು ಕಲ್ಲು ಜೋಡಿಸಿಬಿಡುತ್ತಾರೆ. ಹಳ್ಳವನ್ನೆಲ್ಲ ಮರಳಿನಿಂದಲೇ ಮುಚ್ಚಿದರೆ ದಪ್ಪಗಿದ್ದ ಕಡೆ ಅದು ಕೂರುತ್ತದೆ, ಪೇವರ್ ಕೂಡ ಕೂರುತ್ತದೆ.

ಓಡಾಟಕ್ಕೆ, ಬೈಕಿಗೆ 60 ಮಿ.ಮೀ. ದಪ್ಪದ ಪೇವರ್ ಸಾಕು. ಸುಮಾರು 8 ಇಂಚು ಅಗೆದು, ಬೇರು, ಸಡಿಲ ಮಣ್ಣು ತೆಗೆದು, ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ಎರೆ ಮಣ್ಣಾದರೆ ಇನ್ನೂ ಒಂದಡಿ ತೆಗೆದು ಗ್ರಾವೆಲ್ ತುಂಬಿಸಿ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗೋಡೆಯಿಂದ ಹೊರಕ್ಕೆ 10 ಅಡಿಗೆ 2 ಇಂಚು ಇಳಿಜಾರನ್ನು ಈ ಹಂತದಲ್ಲೇ ಕೊಡಬೇಕು, ಮರಳಿನಲ್ಲಲ್ಲ.

ಮೇಲೆ ಜಲ್ಲಿ, ಕ್ರಷರ್ ಡಸ್ಟ್ ಬೆರೆತ ವೆಟ್ ಮಿಕ್ಸ್ ಅನ್ನು ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಪ್ಲೇಟ್ ಕಾಂಪ್ಯಾಕ್ಟರ್ (ನೆಲ ಅದುಮುವ ಯಂತ್ರ) ಓಡಿಸಿ. ಅದುಮಿದ ಮೇಲೆ 4 ಇಂಚು ಉಳಿಯಲಿ. ಅದುಮಿದಾಗ ತಗ್ಗುವುದರಿಂದ 100 ಚದರ ಅಡಿಗೆ 43 ಘನ ಅಡಿಯಷ್ಟು ಬೇಕು. ಆಮೇಲೆ 30 ಮಿ.ಮೀ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಅಂದರೆ ಸುಮಾರು 12 ಘನ ಅಡಿ. ಪಟ್ಟಿಯಿಂದ ಎಳೆದು ಮಟ್ಟ ಮಾಡಿದ ಮೇಲೆ ಅದನ್ನು ತುಳಿಯಲೇಬೇಡಿ.

ಅಂಚಿಗೆ ಕಾಂಕ್ರೀಟ್ ಕಟ್ಟೆ ಕಡ್ಡಾಯ, ಅದಿಲ್ಲದಿದ್ದರೆ ಕಲ್ಲುಗಳು ಹೊರಕ್ಕೆ ಜರುಗಿ ಸಂದು ಬಾಯಿಬಿಡುತ್ತದೆ. ಕಲ್ಲುಗಳ ನಡುವೆ 3 ಮಿ.ಮೀ. ಬಿಟ್ಟು ಜೋಡಿಸಿ, ಒಮ್ಮೆ ಕಾಂಪ್ಯಾಕ್ಟರ್ ಓಡಿಸಿ, ಒಣಗಿದ ಸಣ್ಣ ಮರಳನ್ನು ಸಂದಿಗೆ ಗುಡಿಸಿ, ಮತ್ತೊಮ್ಮೆ ಓಡಿಸಿ. ಸಂದಿಗೆ ಸಿಮೆಂಟ್ ಸುರಿಯಲೇಬೇಡಿ: ಬಿರುಕು ಬಿಡುತ್ತದೆ, ನೀರೂ ಇಂಗುವುದಿಲ್ಲ. ಕೆಲವು ಮಳೆಯ ನಂತರ ಸಂದಿನ ಮರಳು ಇಳಿದಿದ್ದರೆ ಮತ್ತೆ ತುಂಬಿ.