ಒಂದೇ ಅಂಗೈ ಸುಲಿಯುತ್ತಿದ್ದರೆ

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಮಾಟುಂಗದ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಮಳೆಗಾಲ ಹಿಡಿದಾಗಿನಿಂದ ಬಲ ಅಂಗೈಯ ಚರ್ಮ ಸುಲಿಯುತ್ತಿದೆ, ಎಡಗೈ ಸರಿಯಾಗಿದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದರೆ ತಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ಇದು ವಿಟಮಿನ್ ಕೊರತೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ವಿಟಮಿನ್ ಕೊರತೆ ಒಂದೇ ಕೈಯನ್ನು ಆರಿಸಿಕೊಂಡು ಕಾಡುವುದಿಲ್ಲ. ‘ಎಡಗೈ ಸರಿಯಾಗಿದೆ’ ಎಂದು ನೀವು ಬರೆದಿರುವುದೇ ಇಲ್ಲಿ ಮುಖ್ಯವಾದ ಸುಳಿವು. ಒಂದು ಅಂಗೈ ಮಾತ್ರ ಒಣಗಿ, ಅದರ ರೇಖೆಗಳಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಹೊಟ್ಟು ಕುಳಿತಿದ್ದರೆ ಚರ್ಮತಜ್ಞರು ಮೊದಲು ರೋಗಿಯ ಪಾದಗಳನ್ನು ನೋಡುತ್ತಾರೆ. ಕಾಲ್ಬೆರಳ ಸಂದಿಯಲ್ಲಿ ಬೆಳ್ಳಗೆ ನೆಂದ ಚರ್ಮ, ಅಂಗಾಲಿನಲ್ಲಿ ಅದೇ ಹೊಟ್ಟು, ದಪ್ಪಗಾದ ಹಳದಿ ಉಗುರು ಕಂಡರೆ, ಎರಡೂ ಪಾದಗಳಲ್ಲಿದ್ದ ಫಂಗಸ್ ಸೋಂಕು ಒಂದು ಕೈಗೆ ಹಬ್ಬಿರುವ ಸಂಭವವೇ ಹೆಚ್ಚು. ದಿನವಿಡೀ ನೀರು ನಿಂತ ಅಡುಗೆಮನೆಯಲ್ಲಿ ಓಡಾಡುವವರಿಗೆ, ಅದರಲ್ಲೂ ಮುಂಬಯಿಯ ಮಳೆಯಲ್ಲಿ, ಇದು ಅಪರೂಪವಲ್ಲ.

ಆ ಮುಲಾಮಿನ ಟ್ಯೂಬನ್ನು ಓದಿ ನೋಡಿ. ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತುರಿಕೆ, ಕೆಂಪನ್ನು ಅಡಗಿಸಿ ವಾಸಿಯಾದ ಭ್ರಮೆ ಹುಟ್ಟಿಸುತ್ತದೆ, ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ನಮ್ಮಲ್ಲಿ ಹುಳುಕಡ್ಡಿ ಎಂಬ ಫಂಗಸ್ ಸೋಂಕು ಇಷ್ಟು ಮೊಂಡಾಗಿರುವುದಕ್ಕೆ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆಸಿದ ಇಂಥ ಮುಲಾಮುಗಳೂ ಕಾರಣ. ಅದನ್ನು ನಿಲ್ಲಿಸಿ, ಟ್ಯೂಬಿನ ಸಮೇತ ಚರ್ಮತಜ್ಞರಲ್ಲಿಗೆ ಹೋಗಿ. ಹೊಟ್ಟನ್ನು ಕೆರೆದು, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿದೆ. ಸೋಂಕು ಖಚಿತವಾದರೆ, ಅಂಗೈ ಚರ್ಮ ದಪ್ಪವಾದ್ದರಿಂದ, ಹಲವು ವಾರ ಮಾತ್ರೆಯೂ ಬೇಕಾಗಬಹುದು. ಪಾದಕ್ಕೆ ಚಿಕಿತ್ಸೆ ಮಾಡದಿದ್ದರೆ ಕೈಗೆ ಮತ್ತೆ ಬರುತ್ತದೆ.

ಎರಡೂ ಕೈ ಸುಲಿದು ಬಿರುಕು ಬಿಟ್ಟರೆ ಸೋಪು, ನೀರಿನಿಂದಾದ ಎಕ್ಸಿಮಾ ಇರಬಹುದು. ಸ್ಪಷ್ಟ ಅಂಚಿನ ದಪ್ಪ ಪದರವೂ ಉಗುರಿನಲ್ಲಿ ಸೂಜಿಮೊನೆಯಷ್ಟು ಗುಳಿಗಳೂ ಇದ್ದರೆ ಸೋರಿಯಾಸಿಸ್ಸನ್ನು ಸಂಶಯಿಸಬೇಕು. ಬೇಸಿಗೆಯಲ್ಲಿ ತುರಿಕೆಯಿಲ್ಲದೆ ತೆಳ್ಳಗೆ ಸುಲಿಯುವ ಅಂಗೈ ಸಾಮಾನ್ಯವಾಗಿ ನಿರಪಾಯಕಾರಿ.

ಇವು ಯಾವುವೂ ರಾತ್ರೋರಾತ್ರಿ ಓಡಬೇಕಾದವಲ್ಲ. ಆದರೆ ಫಿಟ್ಸಿಗೆ ಅಥವಾ ಯೂರಿಕ್ ಆಮ್ಲ ತಗ್ಗಿಸಲು ಕೊಡುವ ಔಷಧಿ, ಇಲ್ಲವೇ ಸಲ್ಫಾ ಗುಂಪಿನ ಆಂಟಿಬಯಾಟಿಕ್ ಹೊಸದಾಗಿ ಶುರುಮಾಡಿದ ಮೊದಲ 8 ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಕಣ್ಣುರಿಯೊಂದಿಗೆ ಮೈಚರ್ಮ ನೋಯುತ್ತಾ ಹಾಳೆಯಂತೆ ಬಿಟ್ಟುಕೊಂಡರೆ ಅದು ಜೀವಕ್ಕೆ ಅಪಾಯ: ಮುಂದಿನ ಗುಳಿಗೆ ನುಂಗದೆ, ಆ ಔಷಧಿಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು, ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.