ಹಳೇ ಸ್ಪೊರನ್ ತಗೊಳ್ಳೋವಾಗ ಮೊದ್ಲು ಹಿಂಭಾಗ ನೋಡಿ

ಕನ್ನಡದಲ್ಲಿ ಯಾರಾದ್ರೂ ಸ್ಪೊರನ್ ಬಗ್ಗೆ ಕೇಳ್ತಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ, ಖುಷಿ ಆಯ್ತು. ನೀವು ಕೇಳಿರೋದು ಇಷ್ಟು: ಕೆಲಸದ ಮೇಲೆ ಅಬರ್ಡೀನ್‌ಗೆ ಬಂದಿದೀರ, ಹಳೇ ಸ್ಪೊರನ್‌ಗಳನ್ನ ಸಂಗ್ರಹ ಮಾಡ್ಬೇಕು ಅಂತ ಆಸೆ, ಆದ್ರೆ ಇಬೇ ತೆಗೆದ್ರೆ ಎಲ್ಲದಕ್ಕೂ ವಿಕ್ಟೋರಿಯನ್ನು, ಸಿಲ್ವರ್ರು ಅಂತಾನೇ ಬರ್ದಿರ್ತಾರೆ, ಬಿಳಿ ಕೂದಲಿಗೆ ಎರಡು ಕಪ್ಪು ಟ್ಯಾಸೆಲ್ (ಕುಚ್ಚು) ಇರೋದೊಂದು ನೋಡಿದೀರ, ತಗೋಬಹುದಾ, ಆಮೇಲೆ ಊರಿಗೆ ತರಬಹುದಾ. ನಾನಿರೋದು ಎಡಿನ್‌ಬರಾದಲ್ಲಿ, ಈ ಹುಚ್ಚು ನಂಗೂ ಇದೆ, ಹಾಗಾಗಿ ಸ್ವಲ್ಪ ಉದ್ದಾನೇ ಬರೀತೀನಿ.

ಗೊತ್ತಿಲ್ದೇ ಇಲ್ಲಿ ಬಂದೋರಿಗೆ ಒಂದು ಮಾತು. ಸ್ಕಾಟ್ಲೆಂಡಿನ ಕಿಲ್ಟ್‌ಗೆ ಜೇಬಿರಲ್ಲ, ಸೊಂಟದಿಂದ ಮುಂದೆ ಇಳಿಬಿಡೋ ಚೀಲಾನೇ ಸ್ಪೊರನ್. ದಿನಬಳಕೆಗೆ ಸಾದಾ ಚರ್ಮದ್ದು, ಮದುವೆ ಪಾರ್ಟಿಗೆ ತುಪ್ಪಳದ ಮುಂಭಾಗ, ಮೇಲೆ ಲೋಹದ ಪಟ್ಟಿ ಇರೋದು, ಸೈನ್ಯದೋರಿಗೆ ಮತ್ತೆ ಪೈಪ್ ಬ್ಯಾಂಡಿನೋರಿಗೆ ಉದ್ದ ಕುದುರೆ ಕೂದಲಿಂದು. ಆ ಲೋಹದ ಪಟ್ಟಿಗೆ ಕ್ಯಾಂಟಲ್ ಅಂತಾರೆ, ಕೆಳಗೆ ನೇತಾಡೋ ಕುಚ್ಚು ಟ್ಯಾಸೆಲ್, ಕುಚ್ಚಿನ ತಲೆ ಮೇಲಿರೋ ಟೋಪಿ ಥರದ್ದು ಕೋನ್. ಈ ಮೂರು ಪದ ಗೊತ್ತಿದ್ರೆ ಮಾರೋರ ಹತ್ರ ಮಾತಾಡೋಕೆ ಸಾಕು.

ಈಗ ಮುಖ್ಯ ವಿಷ್ಯ. ಮಾರೋರು ಫೋಟೋ ಹಾಕೋದು ಮುಂಭಾಗದ್ದು, ಆದ್ರೆ ಸ್ಪೊರನ್ ಎಷ್ಟು ಹಳೇದು ಎಲ್ಲೀದು ಅಂತ ಹೇಳೋದು ಹಿಂಭಾಗ. ಮುಂದೆ ತುಪ್ಪಳ ಬಾಚಿ ಕ್ಯಾಂಟಲ್ ಪಾಲಿಶ್ ಹೊಡೆದ್ರೆ ನಿನ್ನೆ ಮಾಡಿದ್ದೂ ಹಳೇದಾಗಿ ಕಾಣತ್ತೆ. ತಿರುಗಿಸಿದ್ರೆ ಹಾಗೆ ಸುಳ್ಳು ಹೇಳೋಕಾಗಲ್ಲ, ಬೆಲ್ಟ್ ಉಜ್ಜಿದ ಜಾಗ ಸವೆದಿರತ್ತೆ, ಬೆವರು ಕುಡಿದ ಚರ್ಮ ಅಲ್ಲಲ್ಲಿ ಕಪ್ಪಾಗಿರತ್ತೆ, ಕೈಹೊಲಿಗೆ ಆಗಿದ್ರೆ ಹತ್ರದಿಂದ ನೋಡಿದಾಗ ಒಂದೆರಡು ಹೊಲಿಗೆ ಸ್ವಲ್ಪ ಓರೆ ಇದ್ದೇ ಇರತ್ತೆ. ಹಾಗಾಗಿ ಆನ್‌ಲೈನ್‌ನಲ್ಲಿ ತಗೊಳ್ಳೋದಾದ್ರೆ ನಾಲ್ಕು ಫೋಟೋ ಕೇಳಿ: ಹಿಂಭಾಗ, ಮುಚ್ಚಳದ ಒಳಗೆ, ಕ್ಯಾಂಟಲ್ ಹಿಂದಿನ ಮೈ, ಒಂದು ಕೋನ್ ಕ್ಲೋಸಪ್. ಕಳಿಸಲ್ಲ ಅಂದ್ರೆ ಬಿಟ್ಬಿಡಿ, ಇನ್ನೊಂದು ಸಿಗತ್ತೆ.

ಮುಚ್ಚಳದ ಒಳಗೆ ಅಂಗಡಿ ಹೆಸರಿನ ಮುದ್ರೆ ಇರಬಹುದು, ಎಡಿನ್‌ಬರಾ ಗ್ಲಾಸ್ಗೋ ಪರ್ತ್ ಅಂತ ಊರಿನ ಹೆಸರೂ ಇರತ್ತೆ. ಆದ್ರೆ ಹೆಸರು ಸಿಕ್ಕ ತಕ್ಷಣ ಹಿಗ್ಗಬೇಡಿ, ಎಷ್ಟೋ ಹೆಸರು ಮಾರಿದ ಬಟ್ಟೆ ಅಂಗಡಿಯದ್ದು, ಮಾಡಿದ ಕುಶಲಕರ್ಮಿಯದ್ದಲ್ಲ. ಅಂಗಡಿ ಯಾವಾಗ ಶುರುವಾಯ್ತು ಅಂತ ನೋಡಿದ್ರೆ ಸ್ಪೊರನ್ ಅದಕ್ಕಿಂತ ಹಳೇದಲ್ಲ ಅನ್ನೋದಾದ್ರೂ ಖಚಿತ ಆಗತ್ತೆ, ಉದಾಹರಣೆಗೆ ಕಿನ್‌ಲಾಕ್ ಆಂಡರ್ಸನ್ ಶುರುವಾಗಿದ್ದು 1868ರಲ್ಲಿ.

ಕ್ಯಾಂಟಲ್ ವಿಷ್ಯಕ್ಕೆ ಬಂದ್ರೆ, ಬೆಳ್ಳಿ ಅಂತ ಮಾರೋದ್ರಲ್ಲಿ ಬಹುಪಾಲು ಬೆಳ್ಳಿ ಅಲ್ಲ. ಇಪಿಎನ್‌ಎಸ್ ಅಂತ ಒತ್ತಿದ್ರೆ ಅದು ನಿಕಲ್ ಮಿಶ್ರಲೋಹದ ಮೇಲೆ ಬೆಳ್ಳಿ ಲೇಪನ, ಅಷ್ಟೇ. ಸ್ವಲ್ಪ ನೀಲಿ ಛಾಯೆಯ ಕನ್ನಡಿ ಹೊಳಪಿದ್ರೆ ಅದು ಕ್ರೋಮ್, ಕ್ರೋಮ್ ಲೇಪನ ಮಾರುಕಟ್ಟೆಗೆ ಬಂದಿದ್ದೇ 1920ರ ದಶಕದ ಕೊನೇಲಿ, ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ, ಇನ್ನು ನೀವೇ ಲೆಕ್ಕ ಹಾಕಿ. ನಿಜವಾದ ಬೆಳ್ಳಿಯಾದ್ರೆ ಸಾಲಾಗಿ ಪುಟ್ಟ ಪುಟ್ಟ ಹಾಲ್‌ಮಾರ್ಕ್ ಇರತ್ತೆ, ಒಂದು ಭೂತಗನ್ನಡಿ ಜೇಬಲ್ಲಿಟ್ಕೊಳ್ಳಿ. ಮೂರು ಗೋಪುರದ ಕೋಟೆ ಇದ್ರೆ ಎಡಿನ್‌ಬರಾ. ಅದರ ಪಕ್ಕ ಥಿಸಲ್ ಹೂವಿದ್ರೆ 1759ರಿಂದ 1975ರ ಒಳಗಿಂದು, ಥಿಸಲ್ ಬದಲು ಹಿಂಗಾಲ ಮೇಲೆ ನಿಂತಿರೋ ಸಿಂಹ ಇದ್ರೆ 1975ರ ಈಚಿಂದು. ಥಿಸಲ್ ಜೊತೆ ರಾಜ ಅಥವಾ ರಾಣಿ ತಲೇನೂ ಇದ್ರೆ ಸಾಮಾನ್ಯವಾಗಿ 1784ರಿಂದ 1890ರ ಒಳಗೆ, ಯಾಕಂದ್ರೆ ಅದು ತೆರಿಗೆ ಕಟ್ಟಿದ ಗುರುತು, ಆ ತೆರಿಗೆ 1890ರಲ್ಲಿ ಹೋಯ್ತು (1930ರ ದಶಕದಲ್ಲಿ ಜ್ಯೂಬಿಲಿಗೆ, 1950ರ ದಶಕದಲ್ಲಿ ಪಟ್ಟಾಭಿಷೇಕಕ್ಕೆ ಅಂತ ಮತ್ತೆ ಕೆಲವದಕ್ಕೆ ತಲೆ ಒತ್ತಿದ್ದಾರೆ, ಅದರಲ್ಲಿ ಏಮಾರಬೇಡಿ). ಮರ, ಮೀನು, ಗಂಟೆ ಇದ್ರೆ ಗ್ಲಾಸ್ಗೋ, ಆ ಕಚೇರಿ 1964ರಲ್ಲಿ ಮುಚ್ಚಿತು. ಲಂಗರು ಇದ್ರೆ ಬರ್ಮಿಂಗ್ಹ್ಯಾಮ್, ಹಾಗಂತ ಅದು ಕೀಳಲ್ಲ, ಸ್ಕಾಟಿಷ್ ಅಂಗಡಿಗಳಿಗೆ ಅಲ್ಲಿಂದಲೂ ಮಾಲು ಹೋಗ್ತಿತ್ತು. ಇದರ ಜೊತೆಗಿರೋ ಒಂಟಿ ಅಕ್ಷರ ವರ್ಷ ಹೇಳತ್ತೆ, ಪಟ್ಟಿ ಇಂಟರ್ನೆಟ್‌ನಲ್ಲೇ ಸಿಗತ್ತೆ.

ಹಾಲ್‌ಮಾರ್ಕ್ ಕ್ಯಾಂಟಲ್ ವಯಸ್ಸು ಹೇಳತ್ತೆ, ಚೀಲದ ವಯಸ್ಸಲ್ಲ. ಚರ್ಮ ಹರಿದುಹೋದ್ರೆ ಹಳೇ ಬೆಳ್ಳಿ ಕ್ಯಾಂಟಲ್ ತೆಗೆದು ಹೊಸ ಚೀಲಕ್ಕೆ ಕೂರಿಸೋದು ಮೊದಲಿಂದಲೂ ಇದೆ, ಮೋಸ ಅನ್ನೋಕಾಗಲ್ಲ, ರಿಪೇರಿ ಅಷ್ಟೇ, ಆದ್ರೆ ಅದನ್ನ ಪೂರ್ತಿ ಹಳೇದು ಅಂತ ಮಾರಿದ್ರೆ ಮೋಸ. ಕ್ಯಾಂಟಲ್ ಕೂರಿಸಿರೋ ಸ್ಕ್ರೂ ಅಥವಾ ಪಿನ್ ಹತ್ರ ಟಾರ್ಚ್ ಬಿಟ್ಟು ನೋಡಿ, ಈಗ ಉಪಯೋಗ್ಸದೇ ಇರೋ ಹಳೇ ತೂತು ಪಕ್ಕದಲ್ಲೇ ಕಂಡ್ರೆ ಯಾರೋ ಬಿಚ್ಚಿ ಕಟ್ಟಿದ್ದಾರೆ ಅಂತ. ಸ್ಟಾರ್ ಸ್ಕ್ರೂ ಇದ್ರಂತೂ ಕೇಳೋದೇ ಬೇಡ, ಅದು 1930ರ ದಶಕಕ್ಕಿಂತ ಹಿಂದಕ್ಕೆ ಹೋಗಲ್ಲ.

ಕೂದಲಿನ ಪರೀಕ್ಷೆ ಸುಲಭ. ನಮ್ಮಲ್ಲಿ ರೇಷ್ಮೆ ಅಸಲಿನಾ ಅಂತ ನೋಡೋಕೆ ಒಂದು ಎಳೆ ಸುಡ್ತಾರಲ್ಲ, ಅದೇ ಇಲ್ಲೂ. ತಾನಾಗೇ ಉದುರಿದ ಒಂದು ಕೂದಲಿಗೆ ಬೆಂಕಿ ತಾಗಿಸಿ, ಕುದುರೆ ಕೂದಲಾದ್ರೆ ತಲೆಕೂದಲು ಸುಟ್ಟ ವಾಸನೆ ಬಂದು ಪುಡಿಯಾಗತ್ತೆ, ನೈಲಾನ್ ಆದ್ರೆ ಕರಗಿ ಗಟ್ಟಿ ಮಣಿ ಆಗತ್ತೆ. ಇದನ್ನ ಮನೆಗೆ ತಂದ ಮೇಲೆ ಮಾಡಿ, ಅಂಗಡೀಲಿ ಮಾಡೋಕೆ ಹೋದ್ರೆ ಒದೆ ಬೀಳತ್ತೆ. ತುಪ್ಪಳ ಆದ್ರೆ ಬುಡದವರೆಗೂ ಬೇರ್ಪಡಿಸಿ ನೋಡಿ: ಬುಡದಲ್ಲಿ ನೇಯ್ದ ಬಟ್ಟೆ ಕಂಡ್ರೆ ಕೃತಕ. ಸೀಲ್ ಅನ್ನೋ ಕಡಲ ಪ್ರಾಣಿಯ ಚರ್ಮದ ಕೂದಲು ಗಿಡ್ಡ, ಬಿರುಸು, ಒಂದೇ ದಿಕ್ಕಿಗೆ ಮಲಗಿರತ್ತೆ, ಮೊಲದ್ದು ಮೆತ್ತಗೆ, ದಟ್ಟ, ಮುಟ್ಟಿದ್ರೆ ಉದುರತ್ತೆ.

ಇನ್ನು ನೀವು ನೋಡಿರೋದು. ಬಿಳಿ ಕುದುರೆ ಕೂದಲು, ಎರಡು ಉದ್ದ ಕಪ್ಪು ಟ್ಯಾಸೆಲ್ ಅಂದ್ರೆ ಗಾರ್ಡನ್ ಹೈಲ್ಯಾಂಡರ್ಸ್ ಅಥವಾ ಸೀಫೋರ್ತ್ ಹೈಲ್ಯಾಂಡರ್ಸ್ ಅನ್ನೋ ಸ್ಕಾಟಿಷ್ ರೆಜಿಮೆಂಟಿನ ಸೈನಿಕರದ್ದಿರಬಹುದು. ಎರಡರ ಬ್ಯಾಡ್ಜಲ್ಲೂ ಗಂಡು ಜಿಂಕೆ ತಲೆ ಇದೆ, ಅದಕ್ಕೇ ಜನ ಕನ್‌ಫ್ಯೂಸ್ ಆಗೋದು. ಸುತ್ತ ಐವಿ ಬಳ್ಳಿಯ ಹಾರ ಇದ್ದು 'ಬೈಡ್ಯಾಂಡ್' ಅಂತ ಇದ್ರೆ ಗಾರ್ಡನ್, ಹಾರ ಇಲ್ದೆ ಬರೀ ತಲೆ ಕೆಳಗೆ ಗೇಲಿಕ್ ಭಾಷೆಯ ಪಟ್ಟಿ ಇದ್ರೆ ಸೀಫೋರ್ತ್. ಎರಡೂ ಆ ಹೆಸರಲ್ಲಿ ರೂಪುಗೊಂಡಿದ್ದು 1881ರ ಪುನರ್ರಚನೇಲಿ, ಸೀಫೋರ್ತ್ 1961ರಲ್ಲಿ ಕ್ಯಾಮರಾನ್ ರೆಜಿಮೆಂಟ್ ಜೊತೆ ಸೇರಿಹೋಯ್ತು, ಗಾರ್ಡನ್ 1994ರಲ್ಲಿ ಆ ಸೇರಿದ ರೆಜಿಮೆಂಟ್ ಜೊತೆ, ಹಾಗಾಗಿ ಬ್ಯಾಡ್ಜೇ ನಿಮಗೆ ಒಂದು ಕಾಲಮಿತಿ ಕೊಡತ್ತೆ. ಆದ್ರೆ ಬ್ಯಾಡ್ಜ್ ಬಿಡಿಯಾಗೂ ಸಿಗತ್ತೆ, ಬ್ಯಾಂಡಿನ ಸ್ಪೊರನ್‌ಗೆ ಚುಚ್ಚಿದ್ರೆ ಮುಗೀತು. ಅದಕ್ಕೇ ಮತ್ತೆ ಹಿಂಭಾಗ: ಸೈನ್ಯದ್ದಾಗಿದ್ರೆ ಚರ್ಮದ ಮೇಲೆ ಸರ್ಕಾರದ ಬಾಣದ ಗುರುತು, ಸೈನಿಕನ ನಂಬರ್, ಕೆಲವೊಮ್ಮೆ ಇಸವಿ ಒತ್ತಿರತ್ತೆ. ಅದು ಇದ್ದು ಕೂದಲು ನೈಲಾನ್ ಅಲ್ದಿದ್ರೆ ನಾನಾದ್ರೆ ತಗೊಂಡ್ಬಿಡ್ತಿದ್ದೆ. ಗಾರ್ಡನ್ ಹೈಲ್ಯಾಂಡರ್ಸ್ ಮ್ಯೂಸಿಯಂ ನಿಮ್ಮ ಅಬರ್ಡೀನಲ್ಲೇ ಇದೆ, ಬಿಡ್ ಹಾಕೋ ಮುಂಚೆ ಹೋಗಿ ಅಸಲಿ ನೋಡ್ಕೊಂಡು ಬನ್ನಿ. ಬೇರೆ ರೆಜಿಮೆಂಟ್‌ಗಳದ್ದಾದ್ರೆ, ಬಿಳಿಗೆ ಐದು ಕಪ್ಪು ಟ್ಯಾಸೆಲ್ ಇದ್ರೆ ಬ್ಲ್ಯಾಕ್ ವಾಚ್, ಕಪ್ಪಿಗೆ ಎರಡು ಬಿಳಿ ಇದ್ರೆ ಕ್ಯಾಮರಾನ್, ಆರು ಬಿಳಿ ಇದ್ರೆ ಆರ್ಗೈಲ್. ಮೊದಲ ಮಹಾಯುದ್ಧದ ಕಂದಕದಲ್ಲಿ ಹಾಕಿದ್ದು ಅಂತ ಕಥೆ ಹೇಳಿ ರೇಟ್ ಏರಿಸೋರೂ ಇದಾರೆ, ಅಲ್ಲಿ ಕಿಲ್ಟ್ ಮೇಲೆ ಖಾಕಿ ಏಪ್ರನ್ ಕಟ್ತಿದ್ರು, ಅದಕ್ಕೇ ಜೇಬಿತ್ತು, ಸ್ಪೊರನ್ ಹಾಕ್ಕೊಂಡು ಯಾರೂ ಕಾದಾಡ್ತಿರ್ಲಿಲ್ಲ.

ಎಲ್ಲಿ ಹುಡುಕೋದು ಅಂದ್ರೆ, ಎಡಿನ್‌ಬರಾಗೆ ಬಂದ್ರೆ ಸ್ಟಾಕ್‌ಬ್ರಿಜ್, ಮಾರ್ನಿಂಗ್‌ಸೈಡ್ ಕಡೆಯ ಚಾರಿಟಿ ಅಂಗಡಿಗಳು, ಗ್ರಾಸ್‌ಮಾರ್ಕೆಟ್‌ನ ಆರ್ಮ್‌ಸ್ಟ್ರಾಂಗ್ಸ್ ಅನ್ನೋ ಹಳೇ ಬಟ್ಟೆ ಅಂಗಡಿ, ಗ್ಲಾಸ್ಗೋದಲ್ಲಿ ಶನಿವಾರ ಭಾನುವಾರದ ಬ್ಯಾರಸ್ ಸಂತೆ. ಬೆಳ್ಳಿ ಕ್ಯಾಂಟಲ್ ಬೇಕಂದ್ರೆ ಲಯನ್ ಅಂಡ್ ಟರ್ನ್‌ಬುಲ್ ಥರದ ಹರಾಜು ಮನೆ, ಅಲ್ಲಿ ಮೊದಲೇ ಹೋಗಿ ಕೈಯಲ್ಲಿ ಹಿಡಿದು ನೋಡೋಕೆ ಬಿಡ್ತಾರೆ, ಆದ್ರೆ ಬಿಡ್ ಮೇಲೆ ಕಮಿಷನ್ ಸೇರತ್ತೆ. ಕಿಲ್ಟ್ ಬಾಡಿಗೆ ಅಂಗಡಿಯೋರು ಹಳೇ ಸ್ಟಾಕ್ ತೆಗೀತಾರೆ, ಹಾಕ್ಕೊಳ್ಳೋಕೆ ಚೆನ್ನಾಗಿರತ್ತೆ, ಸಂಗ್ರಹಕ್ಕೆ ಬೇಡ. ರಾಯಲ್ ಮೈಲ್‌ನ ಟೂರಿಸ್ಟ್ ಅಂಗಡಿಗಳಲ್ಲಿ ಸಿಗೋ ಅಗ್ಗದ ಮಾಲು ಎಷ್ಟೋ ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ ಬಂದಿರತ್ತೆ, ಅದೇ ಸ್ವಲ್ಪ ವರ್ಷ ಆದ್ಮೇಲೆ ಇಬೇನಲ್ಲಿ ವಿಂಟೇಜ್ ಆಗತ್ತೆ.

ಶುರು ಮಾಡೋರಿಗೆ ನನ್ನ ಸಲಹೆ, ತುಪ್ಪಳಕ್ಕೆ ಕೈ ಹಾಕ್ಬೇಡಿ. ಸಾದಾ ಚರ್ಮದ್ದು, ಸೈನ್ಯದ ಕುದುರೆ ಕೂದಲಿಂದು, ಇವೆರಡರಲ್ಲೇ ಕಲಿಯೋಕೆ ಬೇಕಾದಷ್ಟಿದೆ, ರೇಟೂ ಕಮ್ಮಿ. ನೀರುನಾಯಿ, ಕಾಡುಬೆಕ್ಕಿನ ಚರ್ಮದ್ದಕ್ಕೆ ಸ್ಕಾಟ್ಲೆಂಡಲ್ಲಿ 2007ರಿಂದ ಲೈಸೆನ್ಸ್ ಬೇಕು, ಪ್ರಾಣಿ 1994ಕ್ಕಿಂತ ಮುಂಚೆ ಕಾನೂನುಬದ್ಧವಾಗಿ ಸತ್ತಿದ್ದು ಅಂತ ತೋರಿಸ್ಬೇಕಾಗತ್ತೆ, ಬ್ಯಾಡ್ಜರ್ ಅನ್ನೋ ಪ್ರಾಣಿಗೂ ಬೇರೆ ಕಾನೂನಿದೆ. ಊರಿಗೆ ತರೋ ವಿಷ್ಯನೂ ಇದರಲ್ಲೇ ಬಂತು. ಸೀಲ್ ಚರ್ಮದ ಆಮದನ್ನ ಭಾರತ 2018ರಲ್ಲಿ ನಿಷೇಧ ಮಾಡಿದೆ, ನೀರುನಾಯಿ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಅತಿ ಕಟ್ಟುನಿಟ್ಟಿನ ಪಟ್ಟೀಲಿದೆ, ಬೆಂಗಳೂರು ಏರ್‌ಪೋರ್ಟಲ್ಲಿ ಸೂಟ್‌ಕೇಸ್ ತೆರೆಸಿದ್ರೆ ಅಜ್ಜನ ಕಾಲದ್ದು ಸಾರ್ ಅಂದ್ರೆ ಕೇಳಲ್ಲ. ದನದ ಚರ್ಮ, ಕುದುರೆ ಕೂದಲಿಗೆ ಆ ತಲೆನೋವಿಲ್ಲ, ಆದ್ರೂ ಏನದು ಅಂತ ಕೇಳೇ ಕೇಳ್ತಾರೆ, ಬಿಲ್ ಮೇಲೆ ಯಾವ ಪ್ರಾಣಿ ಚರ್ಮ, ಯಾವುದರ ಕೂದಲು ಅಂತ ಸ್ಪಷ್ಟವಾಗಿ ಬರೆಸಿಟ್ಕೊಳ್ಳಿ.

ತಂದ ತಕ್ಷಣ ಬೇರೆಯದರ ಜೊತೆ ಇಡಬೇಡಿ. ಹಳೇ ಕೂದಲಲ್ಲಿ ನುಸಿಯ ಮೊಟ್ಟೆ ಇರತ್ತೆ, ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ಹೋಗದಂಗೆ ಸುತ್ತಿ ಒಂದೆರಡು ವಾರ ಫ್ರೀಜರ್‌ನಲ್ಲಿಡಿ, ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೇ ಒಂದು ದಿನ ಹಾಗೇ ಬಿಡಿ, ಇಲ್ಲಾಂದ್ರೆ ತೇವ ಕೂತ್ಕೊಳತ್ತೆ. ಹಿಂದಿನ ಚರ್ಮ ಮುಟ್ಟಿದ್ರೆ ಕೆಂಪು ಪುಡಿ ಕೈಗೆ ಹತ್ತಿದ್ರೆ ಎಣ್ಣೆ ಸವರೋಕೆ ಹೋಗ್ಬೇಡಿ, ಆ ಚರ್ಮದ ಕಥೆ ಮುಗಿದಿದೆ, ಎಣ್ಣೆ ಹಾಕಿದ್ರೆ ಕಪ್ಪಾಗಿ ಗಟ್ಟಿಯಾಗತ್ತೆ ಅಷ್ಟೇ. ಆ ನಾಲ್ಕು ಫೋಟೋ ಬಂದ್ಮೇಲೆ ಕಾಮೆಂಟಲ್ಲಿ ಹಾಕಿ, ನೋಡಿ ಹೇಳ್ತೀನಿ.